ಗಾಲ್ಫ್‌ನ ಹ್ಯಾಂಡಿಕ್ಯಾಪ್: ಲೆಕ್ಕ ಸರಿಯಿದ್ದರೆ ಸಾಲದು, ಬರೆಯುವ ಕೈಯೂ ಶುದ್ಧವಿರಬೇಕು

2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಒಂದೇ ಒಂದು ಹೊಡೆತದ ಅಂತರದಿಂದ ಪದಕ ತಪ್ಪಿ ನಾಲ್ಕನೆಯ ಸ್ಥಾನದಲ್ಲಿ ನಿಂತಾಗ, ಗಾಲ್ಫ್‌ನ ಪರಿಚಯವೇ ಇಲ್ಲದ ಎಷ್ಟೋ ಕನ್ನಡದ ಮನೆಗಳಲ್ಲಿ ಆ ಆಟದ ಮಾತು ಕೇಳಿಬಂದಿತು. ನೀಲಗಿರಿಯ ನಮ್ಮ ಓದುಗರಿಗಂತೂ ಉದಕಮಂಡಲದ ಮತ್ತು ವೆಲಿಂಗ್ಟನ್ನಿನ ಗಾಲ್ಫ್ ಮೈದಾನಗಳು ಕಣ್ಣಿಗೆ ಹೊಸತಲ್ಲ. ಈ ಆಟ ದುಬಾರಿಯಾದುದು; ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಅದನ್ನು ಆಡುವ ಅವಕಾಶ ಪಡೆಯಲಾರರು. ಆದರೂ ಅದರೊಳಗಿರುವ 'ಹ್ಯಾಂಡಿಕ್ಯಾಪ್' ಎಂಬ ವ್ಯವಸ್ಥೆಯನ್ನು ಆಡದವರೂ ಅರಿಯುವುದು ಒಳಿತು. ದುರ್ಬಲನನ್ನೂ ಬಲಿಷ್ಠನನ್ನೂ ಒಂದೇ ಕಣದಲ್ಲಿ ನ್ಯಾಯವಾಗಿ ನಿಲ್ಲಿಸುವುದು ಹೇಗೆ, ಆ ನ್ಯಾಯ ಕೆಡುವುದು ಎಲ್ಲಿ ಎಂಬುದನ್ನು ಅದು ಸ್ಪಷ್ಟವಾಗಿ ತೋರಿಸುತ್ತದೆ.

ಪದದ ಹಿನ್ನೆಲೆ

ಈ ಪದ ಹುಟ್ಟಿದ್ದು ಅಂಗವೈಕಲ್ಯದ ಅರ್ಥದಲ್ಲಲ್ಲ. 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಇಬ್ಬರು ವಸ್ತುಗಳನ್ನು ಅದಲುಬದಲು ಮಾಡಿಕೊಳ್ಳುವಾಗ ಮಧ್ಯಸ್ಥನೊಬ್ಬನು ಅವುಗಳ ಬೆಲೆಯ ವ್ಯತ್ಯಾಸವನ್ನು ಹೇಳುತ್ತಿದ್ದನು. ಅದು ಒಪ್ಪಿಗೆಯೋ ಅಲ್ಲವೋ ಎಂಬುದನ್ನು ಅವರು ಟೊಪ್ಪಿಯೊಳಗೆ ಕೈಯಿಟ್ಟು ಸೂಚಿಸುತ್ತಿದ್ದರು. 'ಟೊಪ್ಪಿಯಲ್ಲಿ ಕೈ' ಎಂಬ ಆ ಮಾತೇ ಮುಂದೆ ಕುದುರೆ ಪಂದ್ಯಕ್ಕೆ ಬಂದಿತು. ಅಲ್ಲಿ ವೇಗದ ಕುದುರೆಯ ಮೇಲೆ ಹೆಚ್ಚು ಭಾರ ಹೇರುತ್ತಿದ್ದರು. ಗಾಲ್ಫ್ ಅದನ್ನು ತನ್ನದಾಗಿಸಿಕೊಂಡಿತು. ಎಲ್ಲ ಕಡೆಯೂ ಉದ್ದೇಶ ಒಂದೇ: ಅಸಮಾನರ ನಡುವೆ ತೂಕ ಸರಿಮಾಡುವುದು.

ಲೆಕ್ಕ ನಡೆಯುವ ಬಗೆ

ಗಾಲ್ಫ್‌ನ ಪೂರ್ಣ ಸುತ್ತಿನಲ್ಲಿ 18 ಕುಳಿಗಳಿರುತ್ತವೆ. ಚೆಂಡನ್ನು ಆದಷ್ಟು ಕಡಮೆ ಹೊಡೆತಗಳಲ್ಲಿ ಪ್ರತಿ ಕುಳಿಗೂ ಸೇರಿಸಬೇಕು. ಆದುದರಿಂದ ಇಲ್ಲಿ ಕಡಮೆ ಅಂಕದವರೇ ಗೆದ್ದವರು. ನುರಿತವರಿಗೆ ಇಷ್ಟು ಹೊಡೆತ ಸಾಕೆಂದು ನಿಗದಿಯಾದ ಸಂಖ್ಯೆಗೆ 'ಪಾರ್' ಎಂದು ಹೆಸರು. ಅನೇಕ ಮೈದಾನಗಳಲ್ಲಿ ಅದು 72. ಅದಿತಿಯವರಂತಹ ವೃತ್ತಿಪರರ ಸ್ಪರ್ಧೆಯಲ್ಲಿ ಯಾರಿಗೂ ರಿಯಾಯಿತಿಯಿಲ್ಲ. ಹವ್ಯಾಸಿಗಳಿಗಾದರೆ ಅವರವರ ಸಾಮರ್ಥ್ಯಕ್ಕೆ ತಕ್ಕಷ್ಟು ಹೊಡೆತಗಳನ್ನು ಕಳೆಯಲಾಗುತ್ತದೆ. ಆ ಸಂಖ್ಯೆಯೇ ಹ್ಯಾಂಡಿಕ್ಯಾಪ್.

ಒಂದು ಉದಾಹರಣೆ ನೋಡೋಣ. ಮೊದಲನೆಯವರ ಹ್ಯಾಂಡಿಕ್ಯಾಪ್ 6, ಎರಡನೆಯವರದು 18. ಮೊದಲನೆಯವರು 80 ಹೊಡೆತಗಳಲ್ಲಿ ಆಟ ಮುಗಿಸಿದರೆ ಅವರ ನಿವ್ವಳ ಅಂಕ 74. ಎರಡನೆಯವರು 91 ಹೊಡೆತ ಹೊಡೆದರೂ ನಿವ್ವಳ 73 ಆಗಿ ಅವರೇ ಗೆಲ್ಲುತ್ತಾರೆ. ಹೊಸಬರೂ ಅನುಭವಿಗಳೂ, ತಾತನೂ ಮೊಮ್ಮಗಳೂ ಒಂದೇ ಪಂದ್ಯದಲ್ಲಿ ನಿಜವಾಗಿ ಸೆಣಸಬಹುದಾದುದು ಇದರಿಂದಲೇ.

ಅಮೆರಿಕದ ಯುಎಸ್‌ಜಿಎ ಮತ್ತು ಬ್ರಿಟನ್ನಿನ ಆರ್ ಅಂಡ್ ಎ ಸಂಸ್ಥೆಗಳು ಕೂಡಿ ರೂಪಿಸಿದ ವಿಶ್ವ ಹ್ಯಾಂಡಿಕ್ಯಾಪ್ ವ್ಯವಸ್ಥೆ 2020ರಲ್ಲಿ ಜಾರಿಗೆ ಬಂದಿತು. ಅದರಂತೆ ಆಟಗಾರರ ಕೊನೆಯ 20 ಸುತ್ತುಗಳಲ್ಲಿ ಅತ್ಯುತ್ತಮವಾದ 8ರ ಸರಾಸರಿಯೇ ಗಣನೆಗೆ ಬರುತ್ತದೆ. ಹ್ಯಾಂಡಿಕ್ಯಾಪ್‌ನ ಗರಿಷ್ಠ ಮಿತಿ 54. ಮೈದಾನಗಳ ಕಷ್ಟ ಒಂದೇ ಸಮನಲ್ಲವಾದುದರಿಂದ ಅದನ್ನೂ ಅಳೆದು ಲೆಕ್ಕದಲ್ಲಿ ಸೇರಿಸಲಾಗುತ್ತದೆ.

ಅಪ್ರಾಮಾಣಿಕತೆಯ ಎರಡು ಮುಖ

ಈ ಲೆಕ್ಕದ ಮೂಲವಸ್ತು ಆಟಗಾರರು ತಾವೇ ಸಲ್ಲಿಸುವ ಅಂಕ. ಅಲ್ಲಿಯೇ ಸುಳ್ಳಿಗೆ ಎರಡು ಬಾಗಿಲು ತೆರೆದಿವೆ.

ಮೊದಲನೆಯದು ಒಣಪ್ರತಿಷ್ಠೆ. ಕೆಟ್ಟ ಸುತ್ತುಗಳನ್ನು ಮುಚ್ಚಿಟ್ಟು, ಇರುವುದಕ್ಕಿಂತ ಚೆನ್ನಾಗಿ ಆಡುವೆನೆಂದು ತೋರಿಸಿಕೊಳ್ಳುವುದು. ಇದರಿಂದ ನಷ್ಟ ಬಹುಪಾಲು ಅವರಿಗೇ. ಪಂದ್ಯದ ದಿನ ಬೇಕಾದ ಹೊಡೆತಗಳು ಅವರಿಗೆ ದೊರೆಯುವುದಿಲ್ಲ. ಎರಡನೆಯದು ಲೋಭ. ಒಳ್ಳೆಯ ಸುತ್ತುಗಳನ್ನು ದಾಖಲಿಸದೆ, ಸಾಮಾನ್ಯ ದಿನಗಳಲ್ಲಿ ಬೇಕೆಂದೇ ತಪ್ಪಿ ಹೊಡೆದು, ದುರ್ಬಲನ ವೇಷ ಹಾಕಿ ಬಹುಮಾನದ ದಿನ ನಿಜರೂಪ ತೋರಿಸುವುದು. ಇಂಥವರನ್ನು ಅಮೆರಿಕದಲ್ಲಿ 'ಸ್ಯಾಂಡ್‌ಬ್ಯಾಗರ್' ಎನ್ನುತ್ತಾರೆ. ಬ್ರಿಟನ್ನಿನಲ್ಲಿ ನೇರವಾಗಿ 'ಬ್ಯಾಂಡಿಟ್', ಅಂದರೆ ದರೋಡೆಕೋರ. ಮೇಲಿನ ಉದಾಹರಣೆಯ ಎರಡನೆಯವರ ನಿಜವಾದ ಹ್ಯಾಂಡಿಕ್ಯಾಪ್ 14 ಆಗಿದ್ದರೆ ಅವರ ನಿವ್ವಳ ಅಂಕ 77. ಅವರು ಮೂರು ಹೊಡೆತಗಳಿಂದ ಸೋಲಬೇಕಾದವರು.

ವ್ಯವಸ್ಥೆ ಇದನ್ನು ತಡೆಯಲು ಯತ್ನಿಸದೆ ಇಲ್ಲ. 20ರಲ್ಲಿ ಕೆಟ್ಟ 12 ಸುತ್ತುಗಳನ್ನು ಬಿಟ್ಟೇ ಲೆಕ್ಕ ಹಾಕುವುದರಿಂದ ಒಂದೆರಡು ಕಳ್ಳ ಸುತ್ತುಗಳು ಫಲಿಸುವುದಿಲ್ಲ. ಒಂದು ಕುಳಿಯಲ್ಲಿ ಎಷ್ಟೇ ಹೊಡೆತ ವ್ಯರ್ಥ ಮಾಡಿದರೂ ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ ಬರುವ ಅಂಕಕ್ಕೆ ಮಿತಿಯಿದೆ. ಒಂದು ವರ್ಷದ ಅತ್ಯಂತ ಕಡಮೆ ಮಟ್ಟಕ್ಕಿಂತ ಹ್ಯಾಂಡಿಕ್ಯಾಪ್ 3 ಅಂಕ ಏರಿದ ಮೇಲೆ ಮುಂದಿನ ಏರಿಕೆ ಅರ್ಧಕ್ಕೆ ಇಳಿಯುತ್ತದೆ. 5 ದಾಟಿ ಏರುವಂತೆಯೇ ಇಲ್ಲ. ತನ್ನ ಮಟ್ಟಕ್ಕಿಂತ 7 ಅಂಕ ಅಥವಾ ಅದಕ್ಕೂ ಮಿಗಿಲಾಗಿ ಚೆನ್ನಾಗಿ ಆಡಿದವರ ಹ್ಯಾಂಡಿಕ್ಯಾಪ್ ತಾನಾಗಿ ತಗ್ಗುತ್ತದೆ. ಕ್ಲಬ್ಬಿನ ಸಮಿತಿಗೂ ತಿದ್ದುವ ಅಧಿಕಾರವಿದೆ. ಆದರೆ ಬರೆಯದೆ ಉಳಿದ ಅಂಕವನ್ನು ಯಾವ ಗಣಕವೂ ಓದಲಾರದು. ಸಹ ಆಟಗಾರರ ಕಣ್ಣು, ಆಡಿದವರ ಮನಸ್ಸಾಕ್ಷಿ, ಕೊನೆಗೆ ಉಳಿಯುವ ಕಾವಲು ಇವೆರಡೇ.

ಯಾರೂ ಕಾಣದ ಹೊಡೆತ

ಗಾಲ್ಫ್‌ನಲ್ಲಿ ಸಾಮಾನ್ಯವಾಗಿ ಪ್ರತಿ ಆಟಗಾರರ ಬೆನ್ನಿಗೆ ತೀರ್ಪುಗಾರರು ನಿಂತಿರುವುದಿಲ್ಲ; ತಪ್ಪಾದರೆ ತಾವೇ ದಂಡ ಹಾಕಿಕೊಳ್ಳಬೇಕು. 1925ರ ಯುಎಸ್ ಓಪನ್‌ನಲ್ಲಿ ಹವ್ಯಾಸಿಯಾಗಿಯೇ ಉಳಿದ ಮಹಾ ಆಟಗಾರ ಬಾಬಿ ಜೋನ್ಸ್, ಹುಲ್ಲಿನಲ್ಲಿದ್ದ ಚೆಂಡು ತುಸು ಕದಲಿತೆಂದು ತಾವೇ ಹೇಳಿ ಒಂದು ಹೊಡೆತದ ದಂಡ ಪಡೆದರು. ಬೇರೆ ಯಾರೂ ಅದನ್ನು ಕಂಡಿರಲಿಲ್ಲ. ಕೊನೆಗೆ ಅವರೂ ವಿಲ್ಲಿ ಮ್ಯಾಕ್‌ಫರ್ಲೇನ್ ಎಂಬವರೂ ಸಮ ಅಂಕದಲ್ಲಿ ನಿಂತರು. ಮರುಪಂದ್ಯದಲ್ಲಿ ಜೋನ್ಸ್ ಸೋತರು. ಆ ಒಂದು ಹೊಡೆತವೇ ಪ್ರಶಸ್ತಿಯ ಬೆಲೆಯಾಯಿತು.

ನಮ್ಮ ಶಾಲೆಗಳ ಅಂಗಳಕ್ಕೂ ಇದು ದೂರದ ಮಾತಲ್ಲ. ಕ್ರೀಡಾಕೂಟಗಳಲ್ಲಿ ಮಕ್ಕಳನ್ನು ವಯಸ್ಸಿನ ಪ್ರಕಾರ ವಿಂಗಡಿಸುವುದೂ ಒಂದು ಬಗೆಯ ಹ್ಯಾಂಡಿಕ್ಯಾಪ್. ಹುಟ್ಟಿದ ದಿನಾಂಕ ತಿದ್ದಿ ದೊಡ್ಡ ಹುಡುಗನನ್ನು ಚಿಕ್ಕವರ ಓಟಕ್ಕೆ ಇಳಿಸಿದರೆ, ಪದಕ ಒಬ್ಬನಿಗೆ ದಕ್ಕೀತು. ಆದರೆ ಅದಕ್ಕಾಗಿ ವರ್ಷವಿಡೀ ಓಡಿದ ಮಗುವಿಗೆ ತಾನು ಸೋತದ್ದು ಏಕೆಂದೇ ತಿಳಿಯದು. ಹಾನಿ ಅಲ್ಲಿಗೇ ನಿಲ್ಲುವುದಿಲ್ಲ. ದುರ್ಬಲರಿಗೆಂದು ಇಟ್ಟ ಅನುಕೂಲವನ್ನು ಬಲ್ಲವರು ಕಬಳಿಸತೊಡಗಿದರೆ, ಅದಕ್ಕೆ ನಿಜವಾಗಿ ಅರ್ಹರಾದವರನ್ನೂ ಜನ ಸಂಶಯದಿಂದ ನೋಡುತ್ತಾರೆ. ಕಡೆಗೆ ಆ ಅನುಕೂಲವೇ ಬೇಡವೆಂಬ ಕೂಗು ಏಳುತ್ತದೆ. ಅಲ್ಪಸಂಖ್ಯಾತರಾಗಿ ಬಾಳುವ ನಾವು ಇದನ್ನು ಇತರರಿಗಿಂತ ಚೆನ್ನಾಗಿ ಬಲ್ಲೆವು.

ಮಕ್ಕಳು ಆಟ ಮುಗಿಸಿ ಮನೆಗೆ ಬಂದಾಗ 'ಗೆದ್ದೆಯಾ' ಎಂದು ಕೇಳುವುದು ಸಹಜ. 'ಲೆಕ್ಕ ಸರಿಯಾಗಿ ಬರೆದೆಯಾ' ಎಂಬ ಪ್ರಶ್ನೆಯನ್ನೂ ಅದರೊಡನೆ ಕೇಳುವ ರೂಢಿ ನಮ್ಮ ಮನೆಗಳಲ್ಲಿ ಬೆಳೆಯಲಿ.