ಹೊಲದಂಚಿನ ಕಾಡುಬೆಕ್ಕು: ಗುರುತಿಸುವ ಮತ್ತು ನೋಡುವ ಬಗೆ

ಕೋಳಿ ಕಳೆದುಹೋದ ದಿವಸ ಹಳ್ಳಿಯಲ್ಲಿ ಕಾಡುಬೆಕ್ಕಿನ ಹೆಸರು ಕೇಳಿಬರುವುದು. ಇಲಿಯ ಕಾಟ ಕಡಿಮೆಯಾದ ವರ್ಷ ಅದರ ಹೆಸರನ್ನು ಯಾರೂ ಎತ್ತುವುದಿಲ್ಲ. ಅರಸೀಕೆರೆಯ ರಾಗಿಯ ಹೊಲ, ತೆಂಗಿನ ತೋಟ, ಕುರುಚಲು ಗುಡ್ಡಗಳೂ, ಹಳೇಬೀಡಿನ ದ್ವಾರಸಮುದ್ರದಂತಹ ಕೆರೆಗಳ ಅಂಚಿನ ಜೊಂಡೂ, ಬೇಲೂರಿನ ಕಡೆಯ ಗದ್ದೆ ಬಯಲುಗಳೂ ಈ ಪ್ರಾಣಿಗೆ ಒಗ್ಗುವಂತಹ ನೆಲವಾಗಿವೆ. ಹೀಗಿದ್ದರೂ ತಮ್ಮ ಜಮೀನಿನಲ್ಲಿಯೇ ಇರುವ ಈ ಬೆಕ್ಕನ್ನು ನೆಟ್ಟಗೆ ನೋಡಿದ ಜಮೀನುದಾರರು ವಿರಳ. ನೋಡದೆ ಇರುವುದರಿಂದಲೇ ಅದರ ಮರಿಗಳನ್ನು ಚಿರತೆಯ ಮರಿಗಳೆಂದು ಭ್ರಮಿಸಿ ಕೊಲ್ಲುವುದೂ ಮನೆಗೆ ಹೊತ್ತು ತರುವುದೂ ನಡೆಯುತ್ತದೆ.

ಕಾಡುಬೆಕ್ಕು ಊರಬೆಕ್ಕಿಗಿಂತ ದೊಡ್ಡದು. ತಲೆಯೂ ಮೈಯೂ ಸೇರಿ ಸುಮಾರು ಎರಡಡಿ ಉದ್ದ. ತೂಕ ಸಾಮಾನ್ಯವಾಗಿ 4ರಿಂದ 8 ಕಿಲೋಗ್ರಾಂ. ಕಾಲುಗಳು ನೀಳವಾಗಿದ್ದು, ಬಾಲವು ಮಾತ್ರ ಮೈಗೆ ಹೊಂದದಷ್ಟು ಮೋಟು. ಮೈಬಣ್ಣ ಒಣಹುಲ್ಲಿನಂತೆ; ಮೈಮೇಲೆ ಎದ್ದುಕಾಣುವ ಚುಕ್ಕೆಗಳಿಲ್ಲ; ಕಾಲುಗಳ ಮೇಲೆ ಮಾಸಿದ ಪಟ್ಟೆಗಳೂ, ಬಾಲದ ತುದಿಯತ್ತ ಕಪ್ಪು ಬಳೆಗಳೂ ಇರುವುವು. ಕಿವಿಯ ತುದಿಯಲ್ಲಿ ಕಪ್ಪು ಕೂದಲಿನ ಚಿಕ್ಕ ಕುಚ್ಚು ಇರುವುದು. ಅಮೆರಿಕಾ ಖಂಡದ ಬಾಬ್‌ಕ್ಯಾಟ್ ಎಂಬ ಬೆಕ್ಕಿಗೂ ಮೋಟು ಬಾಲ ಮತ್ತು ಕಿವಿಯ ಕುಚ್ಚು ಉಂಟು; ಆದರೆ ಅದು ಬೇರೆ ಜಾತಿ, ಈ ದೇಶದಲ್ಲಿ ಇಲ್ಲ.

ಕಾಡುಬೆಕ್ಕಿನೊಡನೆ ಇನ್ನೆರಡು ಬೆಕ್ಕುಗಳನ್ನು ತಿಳಿದಿರಬೇಕು. ಒಂದು, ಮೈಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳುಳ್ಳ ಪುಟ್ಟ ಬೆಕ್ಕು. ತೂಕದಲ್ಲಿ ಒಂದೂವರೆ ಕಿಲೋಗ್ರಾಮಿನ ಆಸುಪಾಸಿನಲ್ಲಿರುವ ಇದು ಜಗತ್ತಿನ ಅತಿ ಸಣ್ಣ ಕಾಡುಬೆಕ್ಕುಗಳಲ್ಲೊಂದು. ಭಾರತ, ಸಿಂಹಳ ಮತ್ತು ನೇಪಾಳದ ಹೊರತು ಬೇರೆಲ್ಲಿಯೂ ಇಲ್ಲ. ಬಂಡೆ ಮತ್ತು ಕುರುಚಲು ಇರುವ ಕಡೆ ರಾತ್ರಿಯಲ್ಲಿ ಸಂಚರಿಸುವುದು. ಹಳ್ಳಿಯ ಮನೆಗಳ ಅಟ್ಟದಲ್ಲಿ ಮರಿ ಹಾಕಿದ ಉದಾಹರಣೆಗಳೂ ದಕ್ಷಿಣ ಭಾರತದಲ್ಲಿ ಉಂಟು. ಇನ್ನೊಂದು ಹುಲಿಬೆಕ್ಕು, ಇದು ಹೆಚ್ಚಾಗಿ ಮಲೆನಾಡಿನ ಕಾಡು ಮತ್ತು ಕಾಫಿ ತೋಟಗಳದು. ತೋಟಗಳಲ್ಲಿ ಹಣ್ಣು ತಿನ್ನುತ್ತ ಮರದಿಂದ ಮರಕ್ಕೆ ಹೋಗುವ ಪುನುಗುಬೆಕ್ಕು ಹೆಸರಿಗೆ ಬೆಕ್ಕಾದರೂ ಬೆಕ್ಕಿನ ಕುಲಕ್ಕೆ ಸೇರಿದುದಲ್ಲ.

ಬೆಕ್ಕನ್ನು ಹುಡುಕುವವರು ಮೊದಲು ನೆಲವನ್ನು ನೋಡತಕ್ಕದ್ದು. ದನಗಳನ್ನು ಹೊರಗೆ ಬಿಡುವ ಮುನ್ನ, ಗಾಡಿಯ ಜಾಡಿನ ಧೂಳಿನಲ್ಲಿಯೂ ಕೆರೆಯಂಗಳದ ಹಸಿ ಮಣ್ಣಿನಲ್ಲಿಯೂ ರಾತ್ರಿಯ ಸಂಚಾರ ಬರೆದಿಟ್ಟಂತೆ ಕಾಣುವುದು. ಬೆಕ್ಕಿನ ಹೆಜ್ಜೆ ದುಂಡಗೆ, ನಾಲ್ಕು ಬೆರಳು, ಉಗುರಿನ ಗುರುತಿಲ್ಲ. ನಾಯಿ ನರಿಗಳ ಹೆಜ್ಜೆ ನೀಳವಾಗಿದ್ದು ಉಗುರು ಮೂಡಿರುವುದು. ಪುನುಗು ಮತ್ತು ಮುಂಗುಸಿಗಳಿಗೆ ಐದು ಬೆರಳು. ಇಲಿಯ ಕೂದಲೂ ಸಣ್ಣ ಎಲುಬುಗಳೂ ಕೂಡಿದ ಹಿಕ್ಕೆ ಕಾಲುದಾರಿಯಲ್ಲಿ ಸಿಕ್ಕಿದರೆ ಆ ದಾರಿ ಬಳಕೆಯಲ್ಲಿದೆಯೆಂದು ತಿಳಿಯಬಹುದು.

ಹಾಗೆ ಗೊತ್ತುಮಾಡಿದ ಬದುವಿನಿಂದ ನಲವತ್ತು ಐವತ್ತು ಹೆಜ್ಜೆ ದೂರದಲ್ಲಿ, ಗಾಳಿ ಎದುರಿನಿಂದ ಬೀಸುವಂತೆ, ಮರದ ಬುಡಕ್ಕೆ ಒರಗಿ ಸೂರ್ಯೋದಯದ ವೇಳೆಯಲ್ಲಾಗಲಿ ಸಂಜೆಯಲ್ಲಾಗಲಿ ಕೂಡಬೇಕು. ಹೊಗೆಸೊಪ್ಪು, ಮಾತು, ನಾಯಿ ಮೂರೂ ಕೂಡದು. ಅಳಿಲು ಒಂದೇ ಸಮನೆ ಚೀರತೊಡಗಿದರೆ ಅಥವಾ ಹಕ್ಕಿಗಳು ಪೊದೆಯೊಂದರ ಮೇಲೆ ಕೂಡಿ ಗಲಾಟೆಮಾಡಿದರೆ ಆ ಕಡೆಗೆ ದೃಷ್ಟಿ ಇಡಬೇಕು. ಅಲ್ಲಿರುವುದು ಹಾವೂ ಆಗಿರಬಹುದು. ಇಲಿಯ ಸದ್ದಿಗೆ ಕಿವಿಯನ್ನು ನೆಟ್ಟು, ಮೈಯನ್ನು ತಗ್ಗಿಸಿ, ಒಮ್ಮೆಲೇ ಮೇಲಕ್ಕೆ ನೆಗೆದು ಮುಂಗಾಲಿನಿಂದ ಅದುಮುವ ಕಾಡುಬೆಕ್ಕನ್ನು ಒಂದು ಬಾರಿ ಕಂಡವರು ಅದನ್ನು ಬರಿಯ ಕೋಳಿಗಳ್ಳನೆಂದು ಕರೆಯಲಾರರು. ಇಷ್ಟು ತಾಳ್ಮೆ ಇಲ್ಲದವರಿಗೆ, ಪ್ರಾಣಿ ಹಾದಾಗ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮರಾಗಳು ಈಗ ಬಂದಿವೆ.

ರಾಜಸ್ಥಾನದ ಸಾರಿಸ್ಕಾದಲ್ಲಿ ನಡೆದ ಸಂಶೋಧನೆಯೊಂದರ ಅಂದಾಜಿನಂತೆ ಒಂದು ಕಾಡುಬೆಕ್ಕು ದಿನಕ್ಕೆ 3ರಿಂದ 5 ಇಲಿಗಳನ್ನು ತಿನ್ನುವುದು. ಮೂರರ ಲೆಕ್ಕವನ್ನೇ ಹಿಡಿದರೂ ವರ್ಷಕ್ಕೆ 1,095 ಆಯಿತು. ಇಲಿಗಳ ವಂಶ ಬೆಳೆಯುವ ವೇಗವನ್ನು ನೋಡಿದರೆ ಬೆಕ್ಕೊಂದೇ ಹೊಲವನ್ನು ಕಾಯುವುದೆಂದು ಹೇಳಲಾಗದು. ಆದರೆ ಕೂಲಿ ಕೇಳದ ಇಂತಹ ಕಾವಲುಗಾರನನ್ನು ಒಂದು ಕೋಳಿಯ ಸಿಟ್ಟಿಗೆ ಕಳೆದುಕೊಳ್ಳುವುದು ಒಕ್ಕಲುತನದ ಲೆಕ್ಕವಲ್ಲ. ಕೋಳಿಗೂಡಿನ ಬಾಗಿಲನ್ನು ಕತ್ತಲಾಗುವ ಮೊದಲೇ ಭದ್ರಪಡಿಸಿದರೆ ತಂಟೆಯ ಬಹುಭಾಗ ತೀರುವುದು.

ಕಷ್ಟವಿರುವುದು ಕಬ್ಬಿನ ಅಥವಾ ರಾಗಿಯ ಕಟಾವಿನಲ್ಲಿ ಮರಿಗಳು ಕಂಡಾಗ. ಕಾಡುಬೆಕ್ಕು ಸುಮಾರು ಎರಡು ತಿಂಗಳು ಗರ್ಭ ಧರಿಸಿ, ದಟ್ಟವಾದ ಹುಲ್ಲಿನಲ್ಲಿ ಎರಡು ಮೂರು ಮರಿಗಳನ್ನು ಹಾಕುವುದು. ಮರಿಗಳ ಮೈಮೇಲೆ ಮಾಸಲು ಪಟ್ಟೆಗಳಿದ್ದು ಬೆಳೆದಂತೆ ಅಳಿಸಿಹೋಗುವುವು. ಈ ಪಟ್ಟೆಗಳೇ ಭ್ರಮೆಗೆ ಕಾರಣ. ಚಿರತೆಯ ಮರಿಗೆ ಮೈತುಂಬ ಒತ್ತಾದ ಕಪ್ಪು ಚುಕ್ಕೆ, ದಪ್ಪ ಪಂಜ, ನೀಳವಾದ ಬಾಲ. ಅನುಮಾನವಿದ್ದರೆ ಮರಿಗಳನ್ನು ಮುಟ್ಟದೆ ಆಳುಗಳನ್ನು ದೂರ ಕಳುಹಿಸಿ, ಅರಣ್ಯ ವಲಯಾಧಿಕಾರಿಗೆ ತಿಳಿಸತಕ್ಕದ್ದು. ತಾಯಿ ಚಿರತೆ ಸಮೀಪದಲ್ಲಿಯೇ ಇರಬಹುದು. ಬೆಕ್ಕಿನ ಮರಿಗಳೇ ಆಗಿದ್ದಲ್ಲಿ ಸುತ್ತಲೂ ಕೆಲವು ಗಜಗಳಷ್ಟು ಪೈರನ್ನು ಒಂದೆರಡು ದಿವಸ ಕೊಯ್ಯದೆ ಬಿಟ್ಟರೆ ಸಾಕು. ಕತ್ತಲಾದ ಮೇಲೆ ತಾಯಿ ಬಂದು ಒಂದೊಂದನ್ನೇ ಬಾಯಲ್ಲಿ ಕಚ್ಚಿ ಬೇರೆ ಕಡೆಗೆ ಒಯ್ಯುವುದುಂಟು. ಮನೆಗೆ ತಂದು ಹಸುವಿನ ಹಾಲೆರೆದ ಮರಿ ಸಾಮಾನ್ಯವಾಗಿ ಬದುಕುವುದಿಲ್ಲ. 1972ನೆಯ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಈ ಬೆಕ್ಕುಗಳನ್ನು ಕೊಲ್ಲುವುದೂ ಹಿಡಿದಿಡುವುದೂ ಅಪರಾಧವೆಂಬುದನ್ನು ಗ್ರಾಮದ ಮುಖಂಡರು ಕಟಾವಿಗೆ ಮುಂಚೆಯೇ ಆಳುಗಳಿಗೆ ತಿಳಿಸಿಡುವುದು ಒಳ್ಳೆಯದು.

ಇಲಿಪಾಷಾಣದ ವಿಷಯದಲ್ಲಿಯೂ ಎಚ್ಚರ ಬೇಕು. ಬ್ರೋಮಾಡಿಯೋಲೋನಿನಂತಹ ಮದ್ದು ಸತ್ತ ಇಲಿಯ ಒಡಲಲ್ಲಿ ಉಳಿದು, ಅದನ್ನು ತಿಂದ ಬೆಕ್ಕು ಗೂಬೆಗಳಿಗೂ ತಾಗುವುದು. ಮದ್ದನ್ನು ಬಯಲಿನಲ್ಲಿ ಚೆಲ್ಲದೆ ಬಿಲದೊಳಗೆ ಇಟ್ಟು ಬಾಯಿ ಮುಚ್ಚಬೇಕು. ನಂತರದ ಹಲವು ದಿನ ಬೆಳಿಗ್ಗೆ ಹೊಲವನ್ನು ಸುತ್ತಿ, ಹೊರಬಿದ್ದು ಸತ್ತ ಇಲಿಗಳನ್ನೆಲ್ಲ ಆರಿಸಿ ಆಳವಾಗಿ ಹೂಳಬೇಕು.