ಬೊನೆಲ್ಲಿ ಹದ್ದಿನ ಬಂಡೆ ಮತ್ತು ಬಯಲು



ಬಂಗಾರಪೇಟೆಯಿಂದ ಕೆ.ಜಿ.ಎಫ್. ಕಡೆಗೆ ಹೋಗುವ ರೈಲಿನಲ್ಲಿ ಕಿಟಕಿಯ ಪಕ್ಕ ಕುಳಿತಿದ್ದೀರಿ ಎಂದುಕೊಳ್ಳಿ. ಹೊರಗೆ ಹೊಲಗಳು, ಕುರುಚಲು ಗಿಡಗಳ ಬಯಲು, ದೂರದಲ್ಲಿ ಬೋಳು ಕಲ್ಲುಬೆಟ್ಟಗಳು. ಮುಂದೆ 2001ರಲ್ಲಿ ಮುಚ್ಚಿದ ಚಿನ್ನದ ಗಣಿಯ ದಿಬ್ಬಗಳು. ಇಲ್ಲಿ ನೋಡುವುದೇನಿದೆ ಎನ್ನಬೇಡಿ. ಇಂಥ ನೆಲವನ್ನೇ ಬಯಸುವ ಬೇಟೆಹಕ್ಕಿಯೊಂದಿದೆ. ಅದೇ ಬೊನೆಲ್ಲಿ ಹದ್ದು.

ಇಟಲಿಯ ಪಕ್ಷಿಶಾಸ್ತ್ರಜ್ಞ ಫ್ರಾಂಕೊ ಆಂಡ್ರಿಯಾ ಬೊನೆಲ್ಲಿಯವರ ಹೆಸರು ಇದಕ್ಕೆ ಬಂದಿದೆ. ಸ್ಪೇನ್, ಮೊರಾಕ್ಕೊ ಮುಂತಾದ ಮೆಡಿಟರೇನಿಯನ್ ನಾಡುಗಳಿಂದ ಹಿಡಿದು ಭಾರತ, ದಕ್ಷಿಣ ಚೀನಾದವರೆಗೆ ಇದರ ನೆಲೆ ಹಬ್ಬಿದೆ. ನಮ್ಮ ರಾಮನಗರ, ಹಂಪಿಗಳ ಬಂಡೆಬೆಟ್ಟಗಳಲ್ಲೂ ಇದನ್ನು ಕಾಣಬಹುದು. ಇದು ಚಳಿಗಾಲಕ್ಕೆಂದು ಅಲ್ಲಿಂದ ಇಲ್ಲಿಗೆ ಬರುವ ವಲಸೆ ಹಕ್ಕಿಯಲ್ಲ. ಇಲ್ಲಿಯ ಹಕ್ಕಿ ಇಲ್ಲಿಯದೇ.

ಹಾಗಾದರೆ ಅಷ್ಟು ದೂರದ ಎರಡು ನಾಡುಗಳಲ್ಲಿ ಒಂದೇ ಹಕ್ಕಿ ಹೇಗೆ? ಉತ್ತರ ನೆಲದಲ್ಲಿದೆ. ಗೂಡಿಗೆ ಕಡಿದಾದ ಬಂಡೆ, ಬೇಟೆಗೆ ಕುರುಚಲು ಬಯಲು ಎರಡೂ ಕಡೆ ಇವೆ. ಸ್ಪೇನಿನಲ್ಲಿ ಇದು ಮೊಲ, ಕೌಜುಗ ಜಾತಿಯ ಹಕ್ಕಿ, ಪಾರಿವಾಳಗಳನ್ನು ಹಿಡಿಯುತ್ತದೆ. ನಮ್ಮಲ್ಲಿಯೂ ಕಾಡುಮೊಲ, ಕೌಜುಗ, ಪಾರಿವಾಳಗಳೇ ಇದರ ಆಹಾರ. ಊರು ಬೇರೆ, ಊಟ ಒಂದೇ!

ಈಗ ಇದರ ಒಡೆತನದ ವಿಷಯ. ಗಂಡು ಹೆಣ್ಣು ಜೋಡಿಯಾಗಿ ವರ್ಷವಿಡೀ ಒಂದೇ ಪ್ರದೇಶದಲ್ಲಿ ಉಳಿಯುತ್ತವೆ. ಗೂಡಿನ ಸುತ್ತಲ ಜಾಗಕ್ಕೆ ಬೇರೆ ಜೋಡಿಯನ್ನು ಬಿಟ್ಟುಕೊಳ್ಳುವುದಿಲ್ಲ. ಆಕಾಶದಲ್ಲಿ ಅಲೆಯಂತೆ ಏರಿ ಇಳಿದು ಹಾರುತ್ತಾ 'ಇದು ನಮ್ಮದು' ಎಂದು ಸಾರುತ್ತವೆ. ಬೇಟೆಗಾಗಿ ಓಡಾಡುವ ವ್ಯಾಪ್ತಿ ಇದಕ್ಕಿಂತ ಬಹಳ ದೊಡ್ಡದು. ಹತ್ತಾರು ಚದರ ಕಿಲೋಮೀಟರ್ ಇರಬಹುದು. ಕಡ್ಡಿಗಳ ದೊಡ್ಡ ಗೂಡಿಗೆ ಹಸಿರೆಲೆ ಹಾಸಿ ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತವೆ. ಸುಮಾರು 40 ದಿನ ಕಾವು. ಆಮೇಲೆ ಮರಿ ಹಾರಲು ಎರಡು ತಿಂಗಳು. ಅದೇ ಬಂಡೆಗೆ ವರ್ಷವರ್ಷವೂ ಮರಳುತ್ತವೆ.

ಆದ್ದರಿಂದ ಬಂಡೆ ಉಳಿದು ಬಯಲು ಹೋದರೆ ಊಟವಿಲ್ಲ. ಬಯಲು ಉಳಿದು ಬಂಡೆ ಹೋದರೆ ಮನೆಯಿಲ್ಲ. ಕೋಲಾರ ಜಿಲ್ಲೆಯ ಕಲ್ಲುಬೆಟ್ಟಗಳಲ್ಲಿ ಗಣಿಗಾರಿಕೆ ನಡೆಯುವುದನ್ನು ನೀವೇ ಕಂಡಿರಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಕ್ಕಿಯನ್ನು ಬೇಟೆಯಿಂದ ಕಾಯುತ್ತದೆ. ಅರಣ್ಯದ ಹೊರಗಿರುವ ಬಂಡೆಗೆ ಆ ರಕ್ಷಣೆ ತಾನಾಗಿ ಸಿಗುವುದಿಲ್ಲ. ಕಡಿದ ಮರ ಮತ್ತೆ ಬೆಳೆದೀತು. ಒಡೆದ ಬೆಟ್ಟ ಬೆಳೆಯುವುದಿಲ್ಲ.

ಇನ್ನೊಂದು ಅಪಾಯ ವಿದ್ಯುತ್ ಕಂಬ. ಶಿವನಸಮುದ್ರದಿಂದ ಕೆ.ಜಿ.ಎಫ್. ಗಣಿಗೆ 1902ರಲ್ಲೇ ವಿದ್ಯುತ್ ಬಂದಿತು; ಇಂದು ಹೊಲಹೊಲದಲ್ಲೂ ಕಂಬಗಳಿವೆ. ಕಂಬದ ಮೇಲೆ ಕೂತ ದೊಡ್ಡ ಹಕ್ಕಿಯ ರೆಕ್ಕೆ ಏಕಕಾಲಕ್ಕೆ ತಂತಿಗೂ ಕಬ್ಬಿಣದ ಅಡ್ಡಪಟ್ಟಿಗೂ ತಗುಲಿದರೆ ಸಾವು ಖಚಿತ. ಸ್ಪೇನಿನಲ್ಲಿ ಈ ಹದ್ದುಗಳ ಸಾವಿಗೆ ಇದು ಮುಖ್ಯ ಕಾರಣಗಳಲ್ಲೊಂದು. ಅಲ್ಲಿ ಅಪಾಯದ ಕಂಬಗಳ ತಂತಿಗೆ ನಿರೋಧಕ ಹೊದಿಕೆ ಹಾಕುತ್ತಿದ್ದಾರೆ. ಹಕ್ಕಿ ಅಳಿದುಹೋಗಿದ್ದ ಮಯೋರ್ಕ ದ್ವೀಪದಲ್ಲಿ 2011ರಿಂದ ಅದನ್ನು ಮತ್ತೆ ನೆಲೆಗೊಳಿಸಿದ್ದಾರೆ. ಕಳೆದುಕೊಂಡದ್ದನ್ನು ಮರಳಿ ಪಡೆಯಲು ಎಷ್ಟು ಶ್ರಮ ನೋಡಿ!

ನೀವೇನು ಮಾಡಬಹುದು? ಮೊದಲು ಗುರುತಿಸಲು ಕಲಿಯಿರಿ. ಊರ ಮೇಲೆ ಸುತ್ತುವ ಸಾಮಾನ್ಯ ಹದ್ದಿನ ಬಾಲದ ತುದಿ ಕವಲಾಗಿರುತ್ತದೆ. ಬೊನೆಲ್ಲಿ ಹದ್ದಿನ ಹೊಟ್ಟೆ ಬಿಳಿ, ಬಾಲದ ತುದಿಗೆ ಅಗಲವಾದ ಕಪ್ಪು ಪಟ್ಟಿ, ಬೆನ್ನ ಮೇಲೆ ಬಿಳಿ ಮಚ್ಚೆ. ಕಂಡ ದಿನ, ಜಾಗ, ಹೊತ್ತು ಬರೆದಿಡಿ. ಗೂಡಿನ ಹತ್ತಿರ ಮಾತ್ರ ಹೋಗಬೇಡಿ. ಬೆದರಿದ ಹಕ್ಕಿ ಮೊಟ್ಟೆ ಬಿಟ್ಟು ಹೋದೀತು.

ಮುಂದಿನ ಸಲ ರೈಲಿನಲ್ಲಿ ಹೋಗುವಾಗ ಪುಸ್ತಕ ಮಡಚಿ, ಆ ಬೋಳು ಬೆಟ್ಟದ ನೆತ್ತಿಯ ಕಡೆ ಒಮ್ಮೆ ನೋಡಿ.