ಕಂಪದ ಮೂಲವನ್ನರಸಿ

ಪಾರ್ಕಿನ್ಸನ್ ವ್ಯಾಧಿಯನ್ನು ನಡುಗುವ ಕೈಯಿಂದಲೇ ಗುರುತಿಸುವುದು ಲೋಕರೂಢಿಯಾದರೂ, ಕೈ ನಡುಗತೊಡಗುವ ಹೊತ್ತಿಗೆ ಮಿದುಳಿನೊಳಗಣ ಹಾನಿ ಬಹುದೂರ ಸಾಗಿರುತ್ತದೆ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್, ಆರು ಮಂದಿ ರೋಗಿಗಳನ್ನು, ಅವರಲ್ಲಿ ಕೆಲವರನ್ನು ಕೇವಲ ಬೀದಿಯಲ್ಲಿ ಕಂಡಷ್ಟರಿಂದಲೇ, ವರ್ಣಿಸಿ ಕಿರುಹೊತ್ತಗೆಯೊಂದನ್ನು ಪ್ರಕಟಿಸಿದಾಗ, ಈ ರೋಗದ ನೆಲೆಯು ಕತ್ತಿನ ಭಾಗದ ಬೆನ್ನುಹುರಿಯಲ್ಲಿದ್ದು ಅಲ್ಲಿಂದ ಮೇಲಣ ಮಿದುಳುಕಾಂಡದತ್ತ ಹಬ್ಬುವುದೆಂದು ಊಹಿಸಿದ್ದನು. 1919ರಲ್ಲಿ ಟ್ರೆಟ್ಯಾಕಾಫ್ ಎಂಬ ವಿದ್ವಾಂಸನು, ನಡುಮಿದುಳಿನಲ್ಲಿ ಕೃಷ್ಣದ್ರವ್ಯವೆನಿಸುವ ಭಾಗದ ಜೀವಕೋಶಗಳು ನಶಿಸಿರುವುದನ್ನು ತೋರಿಸಿಕೊಟ್ಟ ಮೇಲೆ ಆ ಊಹೆ ಮೂಲೆಗುಂಪಾಯಿತು. ಆದರೆ 2003ರಲ್ಲಿ ಜರ್ಮನಿಯ ಹೈಕೊ ಬ್ರಾಕ್ ಮತ್ತು ಸಂಗಡಿಗರು ಮೃತರ ಮಿದುಳುಗಳನ್ನು ಪರೀಕ್ಷಿಸಿ, ವಿಕಾರದ ಪ್ರಥಮ ಕುರುಹು ಅನೇಕರಲ್ಲಿ ಮಿದುಳುಕಾಂಡದ ಕೆಳಭಾಗದಲ್ಲಿಯೂ ಘ್ರಾಣಕೇಂದ್ರದಲ್ಲಿಯೂ ಮೂಡುವುದೆಂದು ಸಾರಿದ್ದನ್ನು ನೋಡಿದರೆ, ಹಳೆಯ ವೈದ್ಯನ ತಪ್ಪು ಅಷ್ಟೇನೂ ದೊಡ್ಡದಲ್ಲವೆನಿಸುತ್ತದೆ. ಮಲಬದ್ಧತೆ, ವಾಸನೆ ತಿಳಿಯದಿರುವುದು, ಕನಸು ಕಾಣುತ್ತ ಕೈಕಾಲು ಬಡಿಯುವುದು, ಇವೆಲ್ಲ ಕಂಪಕ್ಕಿಂತ ಎಷ್ಟೋ ವರ್ಷ ಮೊದಲೇ ತಲೆದೋರುವುದೂ ಇದಕ್ಕೆ ಹೊಂದುವ ಮಾತೇ.

ಕೃಷ್ಣದ್ರವ್ಯದ ಕೋಶಗಳು ತಯಾರಿಸುವ ಡೋಪಮೈನ್ ಕಡಿಮೆಯಾದಂತೆ ಚಲನೆ ನಿಧಾನವಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಇತರ ಕೋಶಗಳಿಗಿಂತ ಇವೇ ಏಕೆ ಬಲಿಯಾಗಬೇಕು? ಒಂದೊಂದು ಕೋಶದ ನರತಂತುವೂ ಅಸಂಖ್ಯ ಕವಲುಗಳಾಗಿ ಹರಡಿರುವುದರಿಂದ ಇವುಗಳ ಶಕ್ತಿವ್ಯಯ ಅಪಾರ. ಆದುದರಿಂದಲೇ ಶಕ್ತಿಯ ಅಲ್ಪ ಕೊರತೆಯನ್ನೂ ಇವು ತಾಳಲಾರವು. 1982ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಕದ್ದುಮುಚ್ಚಿ ತಯಾರಿಸಿದ ಕೃತಕ ಹೆರಾಯಿನ್ನನ್ನು ಚುಚ್ಚಿಕೊಂಡ ಕೆಲವರು ಬಹುಬೇಗ ಮರದ ಬೊಂಬೆಗಳಂತೆ ಸೆಟೆದು ನಿಂತಾಗ ಈ ಮರ್ಮದ ಒಂದು ಬಾಗಿಲು ತೆರೆಯಿತು. ವೈದ್ಯ ವಿಲಿಯಂ ಲ್ಯಾಂಗ್ಸ್ಟನ್ ಮತ್ತು ಸಹೋದ್ಯೋಗಿಗಳು ಆ ಮಾದಕದಲ್ಲಿ ಎಂಪಿಟಿಪಿ ಎಂಬ ಕಲ್ಮಷವನ್ನು ಪತ್ತೆಹಚ್ಚಿದರು. ಮಿದುಳಿನ ಕಿಣ್ವವೊಂದು ಈ ಕಲ್ಮಷವನ್ನು ವಿಷವಾಗಿ ಮಾರ್ಪಡಿಸುತ್ತದೆ; ಡೋಪಮೈನನ್ನು ಒಳಕ್ಕೆ ಸೆಳೆದುಕೊಳ್ಳುವ ದ್ವಾರವೇ ವಿಷಕ್ಕೂ ದ್ವಾರವಾಗುತ್ತದೆ; ಒಳಹೊಕ್ಕ ವಿಷವು ಮೈಟೊಕಾಂಡ್ರಿಯಗಳ ಶಕ್ತಿಸರಪಣಿಯ ಮೊದಲ ಕೊಂಡಿಯನ್ನೇ ತಡೆಯುತ್ತದೆ. ರೊಟಿನೋನ್ ಎಂಬ ಕೀಟನಾಶಕವೂ ಇಲ್ಲಿಯೇ ಪೆಟ್ಟು ಹಾಕುತ್ತದೆ.

ಆದರೂ ಆ ದುರ್ದೈವಿಗಳಲ್ಲಿ ಮುಂದೆ ತೀರಿಕೊಂಡು ಪರೀಕ್ಷೆಗೊಳಗಾದವರ ಮಿದುಳುಗಳಲ್ಲಿ, ಸಾಮಾನ್ಯ ರೋಗಿಗಳ ಕೋಶಗಳಲ್ಲಿ ಕಾಣುವ ಲೆವಿ ಪಿಂಡಗಳು ಕಾಣಲಿಲ್ಲ. ವಿಷವು ರೋಗದ ಫಲವನ್ನು ಅನುಕರಿಸಿತೇ ಹೊರತು ರೋಗವನ್ನಲ್ಲ. ಆ ಪಿಂಡಗಳ ಮುಖ್ಯ ದ್ರವ್ಯ ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನೆಂಬುದೂ, ಅದರ ಜೀನಿನ ದೋಷವೊಂದರಿಂದ ದಕ್ಷಿಣ ಇಟಲಿ ಮೂಲದ ಒಂದು ಕುಟುಂಬದಲ್ಲಿ ರೋಗವು ವಂಶಾನುಗತವಾಗಿ ಇಳಿದುಬಂದುದೂ 1997ರಲ್ಲಿ ಗೊತ್ತಾಯಿತು. ತಪ್ಪಾಗಿ ಮಡಿಚಿಕೊಂಡ ಈ ಪ್ರೋಟೀನ್ ಒಂದಕ್ಕೊಂದು ಅಂಟಿ ಗಡ್ಡೆಗಟ್ಟುತ್ತದೆ. ಅದನ್ನು ಅರೆದು ಹೊರಹಾಕಬೇಕಾದ ಲೈಸೊಸೋಮುಗಳು ದುರ್ಬಲವಾದಲ್ಲಿ ಸಂಚಯ ಮತ್ತಷ್ಟು ಬೆಳೆಯುತ್ತದೆ. ಇಂಥ ದೌರ್ಬಲ್ಯವನ್ನು ತರುವ ಜಿಬಿಎ ಜೀನಿನ ದೋಷ ರೋಗದ ಸಂಭವವನ್ನು ಹೆಚ್ಚಿಸುವುದು ನಿಜ. ಆದರೆ ಅದನ್ನು ಹೊತ್ತವರಲ್ಲಿ ಬಹುಮಂದಿ ಕಂಪವನ್ನೇ ಕಾಣದೆ ಮುಪ್ಪನ್ನು ಕಳೆಯುತ್ತಾರೆ.